ಟೀವಿಯ ಬ್ಯೋಮಕೇಶ್ ಬಕ್ಷಿ ಪುಸ್ತಕದಲ್ಲಿ ಹೇಗಿದ್ದಾನೆ: ಮೂರು ಸಂಪುಟ, 14 ಕತೆ

ದೂರದರ್ಶನ ನೋಡಿ ಬೆಳೆದವರಿಗೆ ಪತ್ತೇದಾರ ಬ್ಯೋಮಕೇಶ್ ಬಕ್ಷಿ ಅಂದರೆ ರಜಿತ್ ಕಪೂರ್, ಅವನ ಕತೆ ಹೇಳುವ ಗೆಳೆಯ ಅಜಿತ್ ಅಂದರೆ ಕೆ. ಕೆ. ರೈನಾ. ಬಾಸು ಚಟರ್ಜಿ ನಿರ್ದೇಶಿಸಿದ ಹಿಂದಿ ಧಾರಾವಾಹಿ 1993ರಲ್ಲಿ ಶುರುವಾಯಿತು, 1997ರಲ್ಲಿ ಎರಡನೇ ಸುತ್ತು ಬಂತು. ಎರಡೂ ಸೇರಿ 34 ಕಂತು. 2020ರ ಲಾಕ್‌ಡೌನಿನಲ್ಲಿ ಡಿಡಿ ಮತ್ತೆ ಹಾಕಿದಾಗ, ಮೊದಲ ಸಲ ಬಂದ ಕಾಲಕ್ಕೆ ಹುಟ್ಟದೇ ಇದ್ದವರೂ ಕೂತು ನೋಡಿದರು. ಇದರ ಮೂಲ ಶರದಿಂದು ಬಂದ್ಯೋಪಾಧ್ಯಾಯ (1899–1970) ಬಂಗಾಳಿಯಲ್ಲಿ ಬರೆದ ಕತೆಗಳು. ಪೂರ್ತಿಯಾದವು 32, ಅರ್ಧಕ್ಕೆ ನಿಂತದ್ದು ಒಂದು. ಬಂಗಾಳಿ ಬಾರದ ನಮ್ಮಂಥವರಿಗೆ ಇಂಗ್ಲಿಷಿನಲ್ಲಿ ಸುಲಭವಾಗಿ ಸಿಗುವ ಮೂರು ಪುಸ್ತಕಗಳ ವಿಮರ್ಶೆ ಇದು. ಕೊಲೆಗಾರರ ಹೆಸರು ಎಲ್ಲೂ ಬಿಟ್ಟುಕೊಟ್ಟಿಲ್ಲ, ಧೈರ್ಯವಾಗಿ ಓದಬಹುದು.

ಮೊದಲನೆಯದು ಪೆಂಗ್ವಿನ್ ತಂದ 'ಪಿಕ್ಚರ್ ಇಂಪರ್ಫೆಕ್ಟ್' (1999), ಅನುವಾದ ಶ್ರೀಜಾತಾ ಗುಹಾ. ಇದರಲ್ಲಿ ಏಳು ಕತೆ. ಎರಡನೆಯದು ಅದೇ ಅನುವಾದಕಿಯ 'ದ ಮೆನಾಜರಿ' (2006), ನಾಲ್ಕು ಕತೆ. ಮೂರನೆಯದು ಪಫಿನ್‌ನ 'ದ ರಿದಮ್ ಆಫ್ ರಿಡಲ್ಸ್' (2012), ಅನುವಾದ ಅರುಣಾವ ಸಿನ್ಹಾ, ಮೂರು ಕತೆ. ಒಂದರ ಕತೆ ಇನ್ನೊಂದರಲ್ಲಿ ಇಲ್ಲ, ಹಾಗಾಗಿ ಮೂರನ್ನೂ ಕೊಂಡರೆ ದುಡ್ಡು ದಂಡವಾಗುವುದಿಲ್ಲ. ಒಂದೇ ಕೊಳ್ಳುವುದಾದರೆ ಮೊದಲನೆಯದನ್ನೇ ಕೊಳ್ಳಿ.

ಟೀವಿ ನೋಡಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಕೊಲೆ ಮಾಡಿದ್ದು ಯಾರು ಅಂತ ಗೊತ್ತಿದೆಯಲ್ಲ, ಇನ್ನು ಓದುವುದು ಏನಿದೆ? ಧಾರಾವಾಹಿ ಮೂಲಕ್ಕೆ ಬಹಳ ನಿಯತ್ತಾಗಿತ್ತು, ಆದ್ದರಿಂದ ಪ್ರಶ್ನೆ ಸರಿಯಾದದ್ದೇ. ಆದರೆ ಒಂದು ಕಂತಿಗೆ ಕತೆ ಮುಗಿಸುವ ಆತುರದಲ್ಲಿ ಉತ್ತರ ಉಳಿಯುತ್ತದೆ, ಉತ್ತರದ ಕಡೆಗೆ ಲೇಖಕ ಹಾಕಿಕೊಟ್ಟ ಹಾದಿ ತುಂಡಾಗುತ್ತದೆ. ಪುಸ್ತಕದ ಲಾಭ ಆ ಹಾದಿಯಲ್ಲಿದೆ. ಕೆಲವು ಕತೆಗಳಂತೂ ಉತ್ತರ ಗೊತ್ತಿದ್ದು ಓದಿದಾಗಲೇ ಹೆಚ್ಚು ರುಚಿಸುತ್ತವೆ. ಸುಳಿವನ್ನು ಎಷ್ಟು ರಾಜಾರೋಷವಾಗಿ ಕಣ್ಣೆದುರು ಇಟ್ಟಿದ್ದ ಅನ್ನುವುದು ಆಗ ಕಾಣುತ್ತದೆ.

'ಪಿಕ್ಚರ್ ಇಂಪರ್ಫೆಕ್ಟ್' ಶುರುವಾಗುವುದು 'ಸತ್ಯಾನ್ವೇಷಿ'ಯಿಂದ. ಬರೆದ ಕ್ರಮದಲ್ಲಿ 'ಪಥೇರ್ ಕಾಂಟಾ' ಇದಕ್ಕಿಂತ ಮೊದಲಿನದು, ಆದರೆ ಅಜಿತ್ ಮತ್ತು ಬ್ಯೋಮಕೇಶ್ ಭೇಟಿಯಾಗುವುದು ಇಲ್ಲಿಯೇ. ಕಲ್ಕತ್ತಾದ ನಡುಮಧ್ಯೆ ಒಂದು ಮೆಸ್. ನಮ್ಮ ಕಡೆ ಮೆಸ್ ಅಂದರೆ ಬರೀ ಊಟದ ಜಾಗ. ಅಲ್ಲಿ ಊಟದ ಜೊತೆ ಕೋಣೆಯೂ ಬಾಡಿಗೆಗೆ ಸಿಗುವ ಮನೆ. ಒಂದು ಕಡೆ ಬಡ ಮಾರ್ವಾಡಿಗಳು, ಒಂದು ಕಡೆ ಕೂಲಿಕಾರರ ಗುಡಿಸಲು, ಇನ್ನೊಂದು ಕಡೆ ಚೀನೀಯರು. ಈ ಮೂರು ಸೇರುವ ಮೂಲೆಯಲ್ಲಿ ಆಗಾಗ ಹೆಣ ಬೀಳುತ್ತಿರುತ್ತದೆ. ಕೆಳಗಿನ ಮಹಡಿಯಲ್ಲಿ ಮೆಸ್ಸಿನ ಯಜಮಾನ, ಹೋಮಿಯೋಪಥಿ ಡಾಕ್ಟರು ಅನುಕೂಲ್ ಬಾಬು. ಅಪ್ಪ ಬಿಟ್ಟುಹೋದ ದುಡ್ಡಿನ ಬಡ್ಡಿಯಲ್ಲಿ ಬದುಕುತ್ತ, ಮದುವೆ ಬೇಡ ಸಾಹಿತ್ಯ ಸಾಕು ಅಂದುಕೊಂಡಿರುವ ಅಜಿತನ ಕೋಣೆಗೆ ಅತುಲ್‌ಚಂದ್ರ ಮಿತ್ರ ಎಂಬ ನಿರುದ್ಯೋಗಿ ಬಂದು ಸೇರುತ್ತಾನೆ. ವಾತಾವರಣಕ್ಕೆ ಪೂರ್ತಿ ಅಂಕ. ಪತ್ತೇದಾರಿಕೆಗೆ ಅಷ್ಟು ಕೊಡಲಾಗದು. ಬ್ಯೋಮಕೇಶನಿಗೆ ಪೊಲೀಸರ ಕಡೆಯಿಂದ ಮೊದಲೇ ಗೊತ್ತಿರುವ ಸಂಗತಿಗಳು ಓದುಗನಿಗೆ ಗೊತ್ತಿರುವುದಿಲ್ಲ, ಆದ್ದರಿಂದ ಇದನ್ನು ನಾವೇ ಬಿಡಿಸುತ್ತೇವೆ ಅಂತ ಹಟ ಹಿಡಿದು ಕೂತರೆ ಸುಸ್ತಾಗುವುದೇ ಸರಿ. ಪರಿಚಯದ ಕತೆ ಅಂತ ಓದಿ ಮುಂದೆ ಹೋಗಬೇಕು.

ಸಂಪುಟದ ನಿಜವಾದ ಆಟ ಎರಡನೇ ಕತೆಯಲ್ಲಿ, ಅಂದರೆ 'ಪಥೇರ್ ಕಾಂಟಾ'ದಲ್ಲಿದೆ. ಟೀವಿಯಲ್ಲಿ 'ರಾಸ್ತೇ ಕಾ ಕಾಂಟಾ' ಅಂತ ಬಂದದ್ದು, ಇಲ್ಲಿ ಗ್ರಾಮಾಫೋನ್ ಪಿನ್ನಿನ ಹೆಸರಲ್ಲಿದೆ. ಬೆಳಗ್ಗೆ ಪೇಪರ್ ಓದುವಾಗ ಜಗಳ ಶುರು. ಅಜಿತ್ ಸುದ್ದಿ ಓದುವವನು, ಬ್ಯೋಮಕೇಶ್ ಜಾಹೀರಾತು ಓದುವವನು. ಊರಿನಲ್ಲಿ ನಿಜಕ್ಕೂ ಏನು ನಡೆಯುತ್ತಿದೆ ಅನ್ನುವುದು ಜಾಹೀರಾತಿನಲ್ಲೇ ಇರುತ್ತದೆ ಎನ್ನುವುದು ಅವನ ವಾದ. ಅಲ್ಲೇ ಒಂದು ಜಾಹೀರಾತು ಕಣ್ಣಿಗೆ ಬೀಳುತ್ತದೆ: ದಾರಿಯ ಮುಳ್ಳು ತೆಗೆಸಬೇಕು ಅನ್ನುವವರು ಶನಿವಾರ ಸಂಜೆ ಐದೂವರೆಗೆ ವೈಟ್‌ವೇ ಲೇಡ್‌ಲಾ ಅಂಗಡಿಯ ನೈಋತ್ಯ ಮೂಲೆಯಲ್ಲಿ ಲ್ಯಾಂಪ್‌ಪೋಸ್ಟಿನ ಮೇಲೆ ಕೈಯಿಟ್ಟು ನಿಲ್ಲಬೇಕು. ಆ ಅಂಗಡಿ ಕಟ್ಟುಕತೆಯದಲ್ಲ, ಕಲ್ಕತ್ತಾದ ಚೌರಂಗಿ ರಸ್ತೆಯಲ್ಲಿ ಇದ್ದದ್ದು. ಕಟ್ಟಡ ಮೆಟ್ರೊಪಾಲಿಟನ್ ಬಿಲ್ಡಿಂಗ್ ಹೆಸರಿನಲ್ಲಿ ಈಗಲೂ ನಿಂತಿದೆ. ಸುಪಾರಿ ಕೊಡುವವನೂ ತೆಗೆದುಕೊಳ್ಳುವವನೂ ಒಬ್ಬರ ಮುಖ ಒಬ್ಬರು ನೋಡದೆ ವ್ಯವಹಾರ ಕುದುರಿಸಲು 1930ರ ದಶಕದ ಕಲ್ಕತ್ತಾದಲ್ಲಿ ಇದಕ್ಕಿಂತ ಚೊಕ್ಕ ಏರ್ಪಾಡು ಇರಲಿಕ್ಕಿಲ್ಲ.

ಇನ್ನೊಂದು ಕಡೆ, ನಡುರಸ್ತೆ ದಾಟುತ್ತಿದ್ದ ಶ್ರೀಮಂತರು ಸದ್ದಿಲ್ಲದೆ ಕುಸಿದು ಸಾಯುತ್ತಿದ್ದಾರೆ. ಎದೆಯೊಳಗೆ ಗ್ರಾಮಾಫೋನ್ ಮುಳ್ಳು. ಆಯುಧದ ಆಯ್ಕೆಯಲ್ಲಿ ಶರದಿಂದು ಎಷ್ಟು ಜಾಣ ಅನ್ನುವುದು ಹಳೇ ಪ್ಲೇಟಿನ ಕಾಲ ಬಲ್ಲವರಿಗೆ ಕೂಡಲೇ ಹೊಳೆಯುತ್ತದೆ. 78 ಆರ್‌ಪಿಎಂ ಪ್ಲೇಟಿಗೆ ಹಾಕುವ ಉಕ್ಕಿನ ಮುಳ್ಳನ್ನು ಒಂದು ಮಗ್ಗುಲು ಹಾಡಿಸಿದ ಮೇಲೆ ಬಿಸಾಡಬೇಕಿತ್ತು. ಮೊಂಡಾದ ತುದಿಯನ್ನೇ ಮತ್ತೆ ಕೂರಿಸಿದರೆ ಪ್ಲೇಟಿನ ಗೀರು ಕೆತ್ತಿಹೋಗುತ್ತದೆ. ಹಾಗಾಗಿ ಮುಳ್ಳು ಪುಟ್ಟ ತಗಡಿನ ಡಬ್ಬಿಯಲ್ಲಿ ನೂರು, ಇನ್ನೂರರ ಲೆಕ್ಕದಲ್ಲಿ ಮಾರಾಟವಾಗುತ್ತಿತ್ತು. ಗ್ರಾಮಾಫೋನ್ ಇದ್ದ ಮನೆಯಲ್ಲೆಲ್ಲ ಡಬ್ಬಿ ಇರುತ್ತಿತ್ತು. ಯಾರು ಕೊಂಡರು, ಯಾವಾಗ ಕೊಂಡರು ಅಂತ ಯಾವ ಪೊಲೀಸನೂ ಹಿಡಿಯಲಾರ. ಗುಂಡಾದರೆ ಸದ್ದು, ಚಾಕುವಾದರೆ ಹತ್ತಿರ ಬರಬೇಕು. ಇಲ್ಲಿ ಎರಡೂ ಇಲ್ಲ.

ತಕರಾರು ತೆಗೆಯುವುದಾದರೆ ಒಂದಿದೆ. ಆ ಮುಳ್ಳಿನ ಉದ್ದ ಒಂದೂವರೆ ಸೆಂಟಿಮೀಟರ್ ಆಸುಪಾಸು, ತೂಕ ಗ್ರಾಮಿನ ಒಂದು ಪಾಲು. ದೊಡ್ಡವರ ಎದೆಯ ಚರ್ಮ, ಸ್ನಾಯು, ಪಕ್ಕೆಲುಬಿನ ಸಂದು ಎಲ್ಲ ಸೇರಿದ ದಪ್ಪ ಅದಕ್ಕಿಂತ ಹೆಚ್ಚು. ಮೇಲೆ ಬಟ್ಟೆ ಬೇರೆ. ಹೃದಯ ಮುಟ್ಟಬೇಕಾದರೆ ಮುಳ್ಳು ಪೂರ್ತಿ ಒಳಹೊಕ್ಕು ಇನ್ನೂ ಮುಂದೆ ಓಡಬೇಕು. ಅಷ್ಟು ಹಗುರವಾದ ವಸ್ತು ಗಾಳಿಯಲ್ಲೇ ವೇಗ ಕಳೆದುಕೊಳ್ಳುತ್ತದೆ, ಕೈಯಲ್ಲಿ ಅಡಗುವಷ್ಟು ಸಣ್ಣ ಸಾಧನದ ಸ್ಪ್ರಿಂಗ್ ಅದಕ್ಕೆ ಸಾಲದು. ಕತೆಯಲ್ಲಿ ಒಬ್ಬನ ಪ್ರಾಣ ಜೇಬಿನ ಗಡಿಯಾರದಿಂದ ಉಳಿಯುತ್ತದೆ. ಲೆಕ್ಕ ಹಾಕಿದರೆ ದಪ್ಪ ಶಾಲು ಹೊದ್ದಿದ್ದರೂ ಉಳಿಯುತ್ತಿತ್ತೇನೋ. ಇಷ್ಟಾದರೂ ಕತೆ ಕೆಡುವುದಿಲ್ಲ. ಜನಜಂಗುಳಿಯ ನಡುವೆ ಆಯುಧದ ಸದ್ದು ಯಾರ ಕಿವಿಗೂ ಯಾಕೆ ಬೀಳಲಿಲ್ಲ ಅನ್ನುವ ಪ್ರಶ್ನೆಗೆ ಸಿಗುವ ಉತ್ತರ ಅಷ್ಟು ಸರಳ, ಅಷ್ಟು ಬೀದಿಯದೇ ಆದದ್ದು. ಕಂತು ನೋಡಿ ಉತ್ತರ ಗೊತ್ತಿದ್ದವರು ಓದುವಾಗ ಪ್ರತಿ ಸಾವಿನ ವರ್ಣನೆಯಲ್ಲೂ ರಸ್ತೆಯ ಸದ್ದುಗಳ ಮೇಲೆ ಕಣ್ಣಿಡಿ.

ಮೂರನೆಯದು ಟೀವಿಯ 'ಮಕ್ಡೀ ಕಾ ರಸ್'. ಹಾಸಿಗೆ ಹಿಡಿದ ಶ್ರೀಮಂತ ಮುದುಕ ನಂದದುಲಾಲ್ ಬಾಬು ದಿನವಿಡೀ ಪೋಲಿ ಬರಹ ಬರೆಯುತ್ತಾನೆ, ಜೇಡದ ರಸದ ಚಟಕ್ಕೆ ಬಿದ್ದಿದ್ದಾನೆ. ಮನೆಯವರು ಹಗಲೂ ರಾತ್ರಿ ಕಾವಲಿದ್ದರೂ ರಸ ಅವನಿಗೆ ತಲುಪುತ್ತಲೇ ಇದೆ. ಹೇಗೆ? ಕೊಲೆ ಇಲ್ಲ, ಓಡಾಟ ಇಲ್ಲ. ಬ್ಯೋಮಕೇಶ್ ಬೇರೆ ಕೆಲಸದಲ್ಲಿ ಮುಳುಗಿದ್ದಾನೆ, ಅಜಿತನನ್ನು ಕಳಿಸುತ್ತಾನೆ, ಅವನು ನೋಡಿ ಬಂದು ಒಪ್ಪಿಸಿದ ವರದಿ ಕೇಳಿ ಕೂತಲ್ಲೇ ಉತ್ತರ ಹೇಳುತ್ತಾನೆ. ಮೂರೂ ಸಂಪುಟದಲ್ಲಿ ಓದುಗನಿಗೆ ಪೂರಾ ನ್ಯಾಯ ಮಾಡಿದ ಕತೆ ಇದು. ಅಜಿತ್ ಕಂಡದ್ದಷ್ಟೇ ಬ್ಯೋಮಕೇಶನಿಗೆ ಗೊತ್ತು, ಅಷ್ಟೇ ನಮಗೂ ಗೊತ್ತು. ತೆರೆಯ ಮೇಲೆ ಇಂಥ ಕತೆ ಸೋಲುವುದು ಸಹಜ: ಕ್ಯಾಮೆರಾ ಆ ವಸ್ತುವಿನ ಮೇಲೆ ಒಂದು ಕ್ಷಣ ಹೆಚ್ಚು ನಿಂತರೆ ಗುಟ್ಟು ರಟ್ಟು, ನಿಲ್ಲದಿದ್ದರೆ ನೋಡುವವನಿಗೆ ಮೋಸ. ಬರಹದಲ್ಲಿ ಹತ್ತು ವಸ್ತುಗಳ ನಡುವೆ ಅದನ್ನೂ ಒಂದಾಗಿ ಸೇರಿಸಿ ಮುಂದೆ ನಡೆದುಬಿಡಬಹುದು. ಅಜಿತನ ವರದಿ ಮುಗಿದ ಕಡೆ ಪುಸ್ತಕ ಮುಚ್ಚಿ, ಕೋಣೆಗೆ ಒಳಬರುವುದೇನು, ಹೊರಹೋಗುವುದೇನು, ಯಾವತ್ತೂ ಮುದುಕನ ಕೈಯಲ್ಲೇ ಇರುವುದೇನು ಅಂತ ಮೂರು ಸಾಲು ಬರೆದು ನೋಡಿ. ತಿಂಗಳಿಗೊಮ್ಮೆ ಬರುವ ಖಾಲಿ ಕಾಗದದ ಹಿಂದೆ ಓಡಿದರೆ ದಾರಿ ತಪ್ಪುತ್ತದೆ.

ನಾಲ್ಕನೆಯದರಲ್ಲಿ ಮುಂದೆ ಬ್ಯೋಮಕೇಶನ ಹೆಂಡತಿಯಾಗುವ ಸತ್ಯವತಿಯ ಪ್ರವೇಶ. ಸಿಟ್ಟು ಬಂದಾಗಲೆಲ್ಲ ಉಯಿಲು ಬದಲಿಸುವ ಕರಾಲಿ ಬಾಬು, ಅವರ ಆಸ್ತಿಗೆ ಕಾದು ಕೂತ ನೆಂಟರು, ಕತ್ತಿನ ಹಿಂದೆ ಚುಚ್ಚಿದ ಸೂಜಿ. ಓದುವಾಗ ಯಾವ ಉಯಿಲಿನಲ್ಲಿ ಯಾರ ಹೆಸರು ಇತ್ತು ಅಂತ ಚೀಟಿಯಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಕಾನೂನಿನ ಒಂದು ಅಂಶ ತಿಳಿದಿದ್ದರೆ ಗೊಂದಲ ತಪ್ಪುತ್ತದೆ. ಭಾರತೀಯ ಉತ್ತರಾಧಿಕಾರ ಕಾಯಿದೆ (1925) ಪ್ರಕಾರ ಕ್ರಮಬದ್ಧವಾಗಿ ಮಾಡಿದ ಹೊಸ ಉಯಿಲು ಹಳೆಯದನ್ನು ರದ್ದು ಮಾಡಬಲ್ಲದು. ಉಯಿಲಿಗೆ ಕಡೇಪಕ್ಷ ಇಬ್ಬರು ಸಾಕ್ಷಿಗಳ ರುಜು ಬೇಕು. ಅಂದಮೇಲೆ ಯಾರಿಗೆ ಲಾಭ ಅನ್ನುವುದಕ್ಕಿಂತ, ಕೊನೆಯ ಉಯಿಲು ಯಾವುದು ಅಂತ ಯಾರಿಗೆ ಗೊತ್ತಿತ್ತು ಅನ್ನುವುದು ಮುಖ್ಯವಾಗುತ್ತದೆ. ಇನ್‌ಸ್ಪೆಕ್ಟರ್ ಬಿಧು ಬಾಬುವಿನ ಜಂಬ ಓದಲು ಖುಷಿ. ಬ್ಯೋಮಕೇಶ್–ಸತ್ಯವತಿ ನಡುವಿನ ಒಲವನ್ನು ಶರದಿಂದು ಬಹಳ ಕಡಿಮೆ ಮಾತಿನಲ್ಲಿ ಮುಗಿಸುತ್ತಾರೆ. ಈ ವಿಷಯದಲ್ಲಿ ಟೀವಿಯೇ ಮೇಲು ಅನ್ನಬೇಕು: ಸುಕನ್ಯಾ ಕುಲಕರ್ಣಿ ಮಾಡಿದ ಸತ್ಯವತಿಗೆ ಪುಟದ ಸತ್ಯವತಿಗಿಂತ ಹೆಚ್ಚು ಜೀವವಿದೆ.

ಐದು ಮತ್ತು ಆರನೇ ಕತೆ ಜೋಡಿ. 'ಅಗ್ನಿಬಾಣ' ಓದದೆ 'ಉಪಸಂಹಾರ'ಕ್ಕೆ ಕೈಹಾಕಬೇಡಿ. ಮೊದಲನೆಯದರ ಆಯುಧ ಎರಡನೆಯದರಲ್ಲಿ ಮತ್ತೆ ಬರುತ್ತದೆ. ಸಾಲದ್ದಕ್ಕೆ 'ಉಪಸಂಹಾರ'ದಲ್ಲಿ 'ಸತ್ಯಾನ್ವೇಷಿ'ಯ ಅಪರಾಧಿ ಯಾರೆಂಬುದೂ ಬಯಲಾಗುತ್ತದೆ. ಯೂಟ್ಯೂಬಿನಲ್ಲಿ ಸಿಕ್ಕ ಕಂತು ಸಿಕ್ಕ ಹಾಗೆ ನೋಡಿದವರಿಗೆ ಆಗುವ ದೊಡ್ಡ ನಷ್ಟ ಇದು. ಪುಸ್ತಕದಲ್ಲಿ ಕ್ರಮ ಸರಿಯಾಗಿದೆ, ಮೊದಲ ಪುಟದಿಂದ ಓದಿಕೊಂಡು ಹೋದರೆ ಸಾಕು. ದಿನನಿತ್ಯ ಅಡುಗೆಮನೆಯಲ್ಲಿ ಕೈಗೆ ಸಿಗುವ ಒಂದು ವಸ್ತು ಸಾವಿನ ದಾರಿಯಾಗುವ ಬಗೆ 'ಅಗ್ನಿಬಾಣ'ದಲ್ಲಿ ಗಟ್ಟಿಯಾಗಿ ಬಂದಿದೆ. ಬಲಿಯಾದವಳು ಯಾರು ಅನ್ನುವುದರಿಂದಾಗಿ ಇದು ಏಳರಲ್ಲೇ ಮನಸ್ಸು ಕಲಕುವ ಕತೆ. 'ಉಪಸಂಹಾರ' ಸೇಡಿನ ಕತೆ, ಬಿಗಿ ಸ್ವಲ್ಪ ಸಡಿಲ.

ಏಳನೆಯದು, ಸಂಪುಟಕ್ಕೆ ಹೆಸರು ಕೊಟ್ಟ 'ಚಿತ್ರಚೋರ್'. ಇದಕ್ಕೂ ಹಿಂದಿನದಕ್ಕೂ ನಡುವೆ ಸುಮಾರು 15 ವರ್ಷದ ಅಂತರವಿದೆ. 1938ರಲ್ಲಿ ಶರದಿಂದು ಸಿನಿಮಾ ಬರಹಕ್ಕೆಂದು ಮುಂಬಯಿಗೆ ಹೋದರು, ಬ್ಯೋಮಕೇಶನನ್ನು ಮತ್ತೆ ಎತ್ತಿಕೊಂಡದ್ದು 1951ರ ಹೊತ್ತಿಗೆ. ಪುಸ್ತಕದಲ್ಲಿ ಪುಟ ತಿರುಗಿಸಿದರೆ ಈ ಅಂತರ ಕಾಣುವುದಿಲ್ಲ, ಆದರೆ ಕತೆಯ ನಡಿಗೆ ಬದಲಾಗಿರುವುದು ಮಾತ್ರ ಕೂಡಲೇ ಗೊತ್ತಾಗುತ್ತದೆ. ಮೊದಲ ಆರರಲ್ಲಿ ಆಯುಧ, ಉಪಾಯ, ಬಲೆ. ಇಲ್ಲಿ ಕಾಯಿಲೆಯಿಂದ ಎದ್ದು ಹವಾ ಬದಲಾವಣೆಗೆ ಸಂತಾಲ್ ಪರಗಣಗಳ ಕಡೆಯ ಊರಿಗೆ ಬಂದ ಬ್ಯೋಮಕೇಶ್, ಅವನ ಪಥ್ಯದ ಮೇಲೆ ಕಣ್ಣಿಟ್ಟಿರುವ ಹೆಂಡತಿ, ಆ ಊರಿನ ದೊಡ್ಡಮನುಷ್ಯರ ಚಹಾಕೂಟ. ಒಂದೇ ಗ್ರೂಪ್ ಫೋಟೋದ ಪ್ರತಿಗಳು ಒಂದೊಂದೇ ಮನೆಯಿಂದ ಮಾಯವಾಗುತ್ತವೆ, ಬೆಲೆಬಾಳುವುದೇನೂ ಹೋಗುವುದಿಲ್ಲ. ಸಣ್ಣ ಊರಿನ ಮಾತು, ಮತ್ಸರ, ಮಗಳ ಮದುವೆಯ ಚಿಂತೆ ಎಲ್ಲವೂ ತನಿಖೆಯ ಭಾಗವಾಗುತ್ತವೆ. ನಿಧಾನ ಅನ್ನಿಸಿದರೂ ಬಿಡಬೇಡಿ.

ಅನುವಾದದ ಬಗ್ಗೆ ಎರಡು ಮಾತು. ಗುಹಾ ಅವರ ಇಂಗ್ಲಿಷ್ ಓಡುತ್ತದೆ, ಎಲ್ಲೂ ಸಿಕ್ಕಿಹಾಕಿಕೊಳ್ಳುವುದಿಲ್ಲ. ಬಂಗಾಳಿಯಲ್ಲಿ ಹಳೇ ಕತೆಗಳು ಗ್ರಂಥಸ್ಥ ಶೈಲಿಯವು, ಆಡುಮಾತಿಗೆ ಇಳಿದದ್ದು ಬಹಳ ತಡವಾಗಿ. ಇಂಗ್ಲಿಷಿನಲ್ಲಿ ಎರಡೂ ಒಂದೇ ಮಟ್ಟಕ್ಕೆ ಬಂದಿವೆ. ಅಜಿತನ ಗಂಭೀರ ಬರವಣಿಗೆ ಮತ್ತು ಬ್ಯೋಮಕೇಶನ ತಮಾಷೆ ಮಾತು ಎದುರುಬದುರಾದಾಗ ಹುಟ್ಟುವ ನಗೆ ಹೀಗಾಗಿ ಅರ್ಧ ಕಡಿಮೆಯಾಗಿದೆ.

'ದ ಮೆನಾಜರಿ'ಯ ಬಹುಪಾಲು ಜಾಗ ತಿನ್ನುವುದು ಅದೇ ಹೆಸರಿನ ನೀಳ್ಗತೆ, ಅಂದರೆ 'ಚಿಡಿಯಾಖಾನಾ'. 1967ರಲ್ಲಿ ಸತ್ಯಜಿತ್ ರಾಯ್ ಉತ್ತಮ್ ಕುಮಾರ್‌ರನ್ನು ಹಾಕಿಕೊಂಡು ಸಿನಿಮಾ ಮಾಡಿದ್ದು ಇದನ್ನೇ. ನಿವೃತ್ತ ಜಡ್ಜ್ ನಿಶಾನಾಥ್ ಸೇನ್ ಊರಾಚೆ ಗುಲಾಬಿ ಕಾಲೊನಿ ಕಟ್ಟಿ, ಬೇರೆಲ್ಲೂ ನೆಲೆಯಿಲ್ಲದವರನ್ನು ಇಟ್ಟುಕೊಂಡಿದ್ದಾರೆ. ಹೂವು, ತರಕಾರಿ, ಹಾಲು ಮಾರಾಟ. ಯಾರೋ ಅವರಿಗೆ ಹಳೇ ಮೋಟಾರಿನ ಬಿಡಿಭಾಗಗಳನ್ನು ಎಸೆದು ಹೋಗುತ್ತಿದ್ದಾರೆ. ಓದುವವರು ಸೋಲುವುದು ಹೆಸರುಗಳಲ್ಲಿ. ಡಾಕ್ಟರ್ ಭುಜಂಗಧರ್, ವೈಷ್ಣವ ಬ್ರಜದಾಸ್, ಮುಖದ ಒಂದು ಮಗ್ಗುಲು ಸುಟ್ಟ ರಸಾಯನಶಾಸ್ತ್ರದ ಮೇಷ್ಟ್ರು ನೇಪಾಲ್ ಗುಪ್ತ ಮತ್ತು ಅವರ ಮಗಳು ಮುಕುಲ್, ಬೆರಳಿಲ್ಲದ ರಸಿಕಲಾಲ್, ಮಾತು ಸರಿಯಾಗಿ ಹೊರಡದ ಪಾನುಗೋಪಾಲ್, ಬನಲಕ್ಷ್ಮಿ, ಗಾಡಿ ಹೊಡೆಯುವ ಮುಷ್ಕಿಲ್ ಮಿಯಾ, ಜಡ್ಜರ ಹೆಂಡತಿ ದಮಯಂತಿ, ಅಣ್ಣನ ಮಗ ಬಿಜಯ್. ಈ ಪಟ್ಟಿಯನ್ನು ಪುಸ್ತಕಗುರುತಿನ ಮೇಲೆ ಬರೆದಿಟ್ಟುಕೊಂಡು ಓದಿ. ಇಲ್ಲದಿದ್ದರೆ ಅರ್ಧ ದಾರಿಯಲ್ಲಿ ಯಾರು ಯಾರೆಂದು ಹಿಂದಿನ ಪುಟ ತಿರುವುವುದೇ ಕೆಲಸವಾಗುತ್ತದೆ. ಮುಖ ನೋಡಿ ಗುರುತು ಹಿಡಿಯುವ ಅನುಕೂಲ ಇರುವುದರಿಂದ ಈ ಒಂದು ಕತೆಯನ್ನು ಮೊದಲು ತೆರೆಯ ಮೇಲೆ ನೋಡಿದರೂ ತಪ್ಪಿಲ್ಲ.

ಅದೇ ಸಂಪುಟದ ಒಡವೆಯ ಕತೆ, ಮಾಯವಾದ ಉಯಿಲಿನ ಕತೆ ಎರಡೂ ಚಿಕ್ಕವು, ಒಂದು ಕಾಫಿ ಹೊತ್ತಿಗೆ ಮುಗಿಯುತ್ತವೆ. ಎರಡನೆಯದರಲ್ಲಿ ಉಯಿಲು ಅಡಗಿಸಿಟ್ಟು ಹೋದ ಮುದುಕನ ಕುಚೋದ್ಯ ಚೆನ್ನಾಗಿದೆ.

'ದ ರಿದಮ್ ಆಫ್ ರಿಡಲ್ಸ್' ಮಕ್ಕಳ ಸಾಲಿನಲ್ಲಿ ಬಂದ ಪುಸ್ತಕ. ಹೈಸ್ಕೂಲ್ ಹುಡುಗರ ಕೈಗೆ ಕೊಡಲು ಮೂರರಲ್ಲಿ ಇದೇ ಸರಿ. ಹೆಸರಿನ ಕತೆಯಲ್ಲಿ ಕೊಲೆ ನಡೆಯುವುದು ಬ್ಯೋಮಕೇಶನ ಮನೆಯ ಕೆಳಗಿನ ಮೆಸ್ಸಿನಲ್ಲೇ, ಸಂಜೆ ಇಸ್ಪೀಟು ಆಡುವವರ ನಡುವೆ. ಎರಡನೆಯದು ಮುಂಗೇರಿನ ದೆವ್ವದ ಕತೆ. ಅದರ ಬರದಾ ಶರದಿಂದು ಅವರದೇ ದೆವ್ವದ ಕತೆಗಳ ನಿರೂಪಕ. ಅವನನ್ನೂ ಬ್ಯೋಮಕೇಶನನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ವಾದಕ್ಕೆ ಬಿಟ್ಟಿದ್ದಾರೆ. ಮೂರನೆಯದಕ್ಕೆ ಎರಡನೇ ಮಹಾಯುದ್ಧದಲ್ಲಿ ಸೈನ್ಯ ಬಿಟ್ಟುಹೋದ ಬಂದೂಕು, ಗುಂಡುಗಳ ಕಳ್ಳವ್ಯಾಪಾರವೇ ಹಿನ್ನೆಲೆ. ಗಟ್ಟಿ ಕತೆ, ಆದರೆ ಕೊನೆಯ ಹಿಡಿಯುವ ಪ್ರಸಂಗ ಅವಸರದ್ದು.

ಮೂರೂ ಸಂಪುಟ ಸೇರಿಸಿದರೂ ಸಿಗದ ಎರಡು ಕತೆಗಳ ಕೊರತೆ ಕಾಡುತ್ತದೆ. ಒಂದು 'ಸೀಮಂತ್ ಹೀರಾ': ಕದ್ದ ವಜ್ರವನ್ನು ಎಲ್ಲರೂ ನೋಡುವ ಜಾಗದಲ್ಲೇ ಇಟ್ಟು, ಸಾಧ್ಯವಿದ್ದರೆ ಹುಡುಕು ಅಂತ ಬ್ಯೋಮಕೇಶನಿಗೇ ಸವಾಲು ಹಾಕುವ ಶಿಲ್ಪಿ ಸರ್ ದಿಗಿಂದ್ರನಾರಾಯಣ್ ಕತೆ. ಇನ್ನೊಂದು 'ಆದಿಮ ರಿಪು': 1946ರ ಕಲ್ಕತ್ತಾ ಗಲಭೆಯ ದಿನಗಳಲ್ಲಿ ಶುರುವಾಗಿ ಸ್ವಾತಂತ್ರ್ಯ ಬಂದ ರಾತ್ರಿಗೆ ಮುಗಿಯುವ ನೀಳ್ಗತೆ. ಎರಡೂ ಧಾರಾವಾಹಿಯಲ್ಲಿವೆ. ಈ ಎರಡಕ್ಕೆ ಸದ್ಯ ಟೀವಿಯನ್ನೇ ನೆಚ್ಚಿಕೊಳ್ಳಿ.

'ಶಜಾರುರ್ ಕಾಂಟಾ', ಅಂದರೆ ಟೀವಿಯ 'ಸಾಹೀ ಕಾ ಕಾಂಟಾ', 'ದ ಮೆನಾಜರಿ'ಯ ಕೊನೆಯಲ್ಲಿದೆ. ಅದನ್ನು ಎಲ್ಲ ಮುಗಿದ ಮೇಲೆ ಓದುವುದು ಲೇಸು. ಇಲ್ಲಿ ಅಜಿತ್ ಕತೆ ಹೇಳುವುದಿಲ್ಲ, ಬ್ಯೋಮಕೇಶ್ ಬರುವುದೂ ತಡವಾಗಿ. ದಕ್ಷಿಣ ಕಲ್ಕತ್ತಾದಲ್ಲಿ ಮೊದಲು ಒಬ್ಬ ಭಿಕ್ಷುಕ, ಆಮೇಲೆ ಕೂಲಿಯವ, ಆಮೇಲೆ ಅಂಗಡಿಯವ ಮುಳ್ಳುಹಂದಿಯ ಮುಳ್ಳು ಚುಚ್ಚಿ ಸಾಯುತ್ತಾರೆ. ಕತೆ ಮಾತ್ರ ಬಹಳ ಹೊತ್ತು ದೇಬಾಶಿಸ್ ಮತ್ತು ಅವನನ್ನು ಮನಸ್ಸಿಲ್ಲದೆ ಮದುವೆಯಾದ ದೀಪಾಳ ಮನೆಯಲ್ಲೇ ಸುತ್ತುತ್ತದೆ. ಪತ್ತೇದಾರಿ ಬೇಕು ಅಂತ ಬಂದವರಿಗೆ ಮೊದಲರ್ಧ ಬೇಸರ ತರಿಸಬಹುದು. ಒಂದೇ ಸೂರಿನಡಿ ಮಾತಿಲ್ಲದೆ ಬದುಕುವ ಇಬ್ಬರ ಮನೆಯನ್ನು ಶರದಿಂದು ಇಷ್ಟು ಸೂಕ್ಷ್ಮವಾಗಿ ಬೇರೆಲ್ಲೂ ಬರೆದಿಲ್ಲ. ಕೊನೆಯ ತಿರುವಿಗೆ ಆಧಾರವಾದ ದೇಹದ ಸ್ಥಿತಿ ಕಟ್ಟುಕತೆಯಲ್ಲ, ಹತ್ತು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬರಿಗೆ ಹುಟ್ಟಿನಿಂದ ಇರುವಂಥದ್ದು. ಇದರ ಕಂತನ್ನು ಮಾತ್ರ ಮೊದಲೇ ನೋಡಬೇಡಿ.